ಮನೆಯ ಕಲೆ, ಶಾಲೆಯ ಕಣ್ಣು

(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಕಲೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದಿರಿ. ಕಲೆಯೆಂದೊಡನೆ ನಮ್ಮ ಮನಸ್ಸು ಬೇಲೂರು ಹಳೇಬೀಡುಗಳಿಗೆ, ಬಾದಾಮಿಯ ಗುಹೆಗಳಿಗೆ ಓಡುವದು. ಅದು ಸಹಜವೇ ಸರಿ. ಆದರೆ ನಾನು ಇಂದು ತಮ್ಮನ್ನು ಅಷ್ಟು ದೂರ ಕರೆದೊಯ್ಯುವವನಲ್ಲ. ತಮ್ಮ ತಮ್ಮ ಮನೆಯ ಅಂಗಳದವರೆಗೆ, ಬಟ್ಟೆಯ ಪೆಟ್ಟಿಗೆಯವರೆಗೆ ಬಂದರೆ ಸಾಕು. ಅಲ್ಲಿರುವ ಕಲೆಯನ್ನು ಕಾಣುವ ಕಣ್ಣನ್ನು ನಾವು ಕಳೆದುಕೊಳ್ಳುತ್ತಿರುವೆವು. ಅದರಲ್ಲಿಯೂ ಶಾಲೆಯಲ್ಲಿ ಕಲಿಸುವ ನಾವೇ ಮೊದಲು ಕಳೆದುಕೊಂಡಿರುವೆವು. ಇದೇ ನನ್ನ ಅರಿಕೆ.

ಧಾರವಾಡದ ಕಡೆಯ ಕಸೂತಿಯನ್ನು ತಾವೆಲ್ಲರೂ ಬಲ್ಲಿರಿ. ಚಂದ್ರಕಾಳಿ ಸೀರೆಯ ಮೇಲೆ ತೇರು, ಗೋಪುರ, ತುಳಸೀವೃಂದಾವನ, ಅಂಬಾರಿ ಹೊತ್ತ ಆನೆ, ಗಿಳಿ, ಕಮಲ ಮೊದಲಾದವುಗಳನ್ನು ಹೆಣ್ಣುಮಕ್ಕಳು ಸೂಜಿಯಿಂದ ಮೂಡಿಸುವರು. ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿ ಅಲ್ಲಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ಸೂಜಿಯನ್ನು ಹಾಕಬೇಕು. ಒಂದು ಎಳೆ ತಪ್ಪಿದರೆ ತೇರಿನ ಕಳಸವು ಓರೆಯಾಗುವದು. ದಾರಕ್ಕೆ ಗಂಟು ಹಾಕಕೂಡದು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ಹೊಲಿಗೆಗಳು ನಾಲ್ಕು ವಿಧ. ಇವುಗಳಲ್ಲಿ ಗವಂತಿಯ ರೀತಿಯು ಬಹು ಸೋಜಿಗದ್ದು. ದಾರವು ಒಂದು ಹೆಜ್ಜೆ ಬಟ್ಟೆಯ ಮೇಲೆ, ಒಂದು ಹೆಜ್ಜೆ ಬಟ್ಟೆಯ ಕೆಳಗೆ ನಡೆಯುತ್ತ ಆಕೃತಿಯ ಕೊನೆಯನ್ನು ಮುಟ್ಟುವದು. ಬಳಿಕ ಅದೇ ಹಾದಿಯಿಂದ ತಿರುಗಿ ಬರುತ್ತ, ಹೋಗುವಾಗ ಬಿಟ್ಟ ತೆರಪುಗಳನ್ನೆಲ್ಲ ತುಂಬುವದು. ಆದಕಾರಣ ಬಟ್ಟೆಯ ಎರಡೂ ಮಗ್ಗಲುಗಳಲ್ಲಿ ಆಕೃತಿಯು ಒಂದೇ ತೆರನಾಗಿ ಕಾಣುವದು.

ಇದರಲ್ಲಿ ಎಂಥ ಬುದ್ಧಿಯಿದೆಯೆಂಬದನ್ನು ಗಣಿತದ ಮಾಸ್ತರರು ವಿಚಾರಿಸಬೇಕು. 1736ರಲ್ಲಿ ಆಯ್ಲರನೆಂಬ ಗಣಿತಜ್ಞನು ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಕುರಿತ ಸಮಸ್ಯೆಯನ್ನು ಬಿಡಿಸಿದನು. ಪ್ರತಿಯೊಂದು ಸೇತುವೆಯನ್ನು ಒಂದೇ ಒಂದು ಸಲ ದಾಟಿ ಏಳನ್ನೂ ಮುಗಿಸುವದು ಅಸಾಧ್ಯವೆಂದು ಅವನು ತೋರಿಸಿದನು. ಆದರೆ ಪ್ರತಿಯೊಂದನ್ನು ಎರಡೆರಡು ಸಲ ದಾಟುವದಾದರೆ, ಎಲ್ಲ ಸೇತುವೆಗಳನ್ನೂ ಮುಗಿಸಿ ಹೊರಟ ಸ್ಥಳಕ್ಕೇ ಮರಳಿ ಬರಬಹುದು. ಗವಂತಿಯಲ್ಲಿ ದಾರವು ಮಾಡುವದು ಇದನ್ನೇ. ಒಂದೊಂದು ಹೆಜ್ಜೆಯನ್ನೂ ಮೇಲೊಮ್ಮೆ, ಕೆಳಗೊಮ್ಮೆ ತುಳಿಯುವದು. ಎಲ್ಲಿ ಕವಲೊಡೆಯಬೇಕು, ಯಾವ ಕವಲನ್ನು ಮುಗಿಸಿ ತಿರುಗಬೇಕು ಎಂಬ ಲೆಕ್ಕವನ್ನೆಲ್ಲ, ಅಕ್ಷರ ಬಾರದ ಎಷ್ಟೋ ತಾಯಂದಿರು ನೆರೆಯವರೊಡನೆ ಮಾತಾಡುತ್ತಲೇ ಮಾಡುತ್ತಿದ್ದರು.

ರಂಗೋಲಿಯ ಮಾತೂ ಹೀಗೆಯೇ. ಚುಕ್ಕಿಗಳನ್ನು ಎಣಿಸಿಟ್ಟು, ಅವುಗಳನ್ನು ಬಳಸುತ್ತ ಎಳೆಯು ಮೊದಲಿಟ್ಟ ಸ್ಥಳಕ್ಕೇ ಬಂದು ಕೂಡುವದನ್ನು ನಾವು ದಿನವೂ ತುಳಿದು ದಾಟುವೆವು. ತಮಿಳರ ಕೋಲಗಳು ಈ ಚುಕ್ಕಿ ರಂಗೋಲಿಯ ಒಡಹುಟ್ಟಿದವುಗಳು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿಯವರೂ ಅವರ ಸಂಗಡಿಗರೂ ಆ ಕೋಲಗಳ ರಚನೆಯನ್ನು ಗಣಕಶಾಸ್ತ್ರದ ವ್ಯಾಕರಣದಿಂದ ವಿವರಿಸಿ 1974ರಲ್ಲಿ ಲೇಖನವನ್ನು ಪ್ರಕಟಿಸಿದರು. ಹೊಸ್ತಿಲಿನ ಮುಂದಿನ ಆಟವು ವಿದ್ವಾಂಸರ ಅಭ್ಯಾಸಕ್ಕೆ ವಿಷಯವಾಯಿತು. ನಮ್ಮ ಶಾಲೆಗಳಿಗೆ ಮಾತ್ರ ಇನ್ನೂ ಆಗಿಲ್ಲ.

ಆಟವೆಂದೆನಷ್ಟೆ. ಈ ಶಬ್ದವನ್ನು ತಿಳಿದೇ ಆಡಿದೆನು. ಈ ಕಲೆಗಳಲ್ಲಿ ಕಟ್ಟುನಿಟ್ಟಾದ ನಿಯಮವಿದ್ದರೂ, ಆ ನಿಯಮದೊಳಗೆ ನಗುವದಕ್ಕೂ ಸ್ಥಳವಿದೆ. ನಮ್ಮ ಅಜ್ಜಿಯ ಸೀರೆಯೊಂದರಲ್ಲಿ ಆನೆಗಿಂತ ಗಿಳಿಯೇ ದೊಡ್ಡದಾಗಿತ್ತು. ಚಿಕ್ಕಂದಿನಲ್ಲಿ ನಾನು, “ಅಜ್ಜೀ, ಇದು ತಪ್ಪಲ್ಲೇನು?” ಎಂದು ಕೇಳಿದೆನು. ಆಕೆ ಸೂಜಿಯಿಂದ ಕಣ್ಣೆತ್ತದೆ, “ಆನಿ ದೂರ ಅದ, ಗಿಳಿ ನನ್ನ ಹೆಗಲ ಮ್ಯಾಲೆ ಅದ. ಯಾವದು ದೊಡ್ಡದ ಕಾಣಸ್ತದ ನೀನ ಹೇಳೋ ತಮ್ಮಾ” ಎಂದಳು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಾವು ಮಾಡಿದ ಎತ್ತುಗಳ ಕೋಡುಗಳು ಎಂದೂ ಸರಿಯಾಗಿರುತ್ತಿರಲಿಲ್ಲ; ಜೋಳದ ಕಾಳುಗಳನ್ನೊತ್ತಿ ಕಣ್ಣು ಮಾಡಿದರೆ ಎತ್ತು ಹುಬ್ಬೇರಿಸಿ ನಮ್ಮನ್ನೇ ನೋಡುವಂತಿರುತ್ತಿತ್ತು. ಹಿರಿಯರು ಅದನ್ನೇ ದೇವರ ಮುಂದಿಟ್ಟು ಪೂಜಿಸಿದರು. ಮಗುವಿನ ಕೈಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಮನ್ನಣೆಯನ್ನು ಯಾವ ಪರೀಕ್ಷೆಯು ಕೊಟ್ಟೀತು?

ಇನ್ನು ನನ್ನ ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಅಜ್ಜಿ ತೀರಿಕೊಂಡ ಕೆಲವು ವರ್ಷಗಳ ಬಳಿಕ, ಪಾತ್ರೆ ಮಾರುವವಳು ಬಾಗಿಲಿಗೆ ಬಂದಾಗ, ಆ ಸೀರೆಯನ್ನು ಕೊಟ್ಟು ಮನೆಯವರು ಒಂದು ಸ್ಟೀಲಿನ ಡಬ್ಬಿಯನ್ನು ಕೊಂಡರು. ನಾನು ಅಲ್ಲಿಯೇ ನಿಂತಿದ್ದೆನು, ಬೇಡವೆನ್ನಲಿಲ್ಲ. ಆಗ ನಾನು ಶಾಲೆಯಲ್ಲಿ ಚಿತ್ರಕಲೆಯನ್ನು ಕಲಿಸುತ್ತಿದ್ದೆನು! ಹಲಗೆಯ ಮೇಲೆ ಸೇಬುಹಣ್ಣನ್ನು ಬರೆದು, ನಲವತ್ತು ಮಕ್ಕಳಿಂದ ಅದೇ ಸೇಬನ್ನು ನಕಲು ಮಾಡಿಸಿ, ಅಂಕ ಹಾಕುತ್ತಿದ್ದೆನು. ಡಬ್ಬಿಯು ಇಂದಿಗೂ ನಮ್ಮ ಅಡಿಗೆಮನೆಯಲ್ಲಿದೆ. ಆ ಗಿಳಿಯನ್ನು ನೆನಪಿನಿಂದ ಬರೆಯಲು ಎಷ್ಟೋ ಸಲ ಕುಳಿತೆನು. ರೆಕ್ಕೆಯ ಮೆಟ್ಟಿಲುಗಳು ಎಷ್ಟಿದ್ದವೆಂಬದು ನನಗೆ ತಿಳಿಯದು. ಅದನ್ನು ಬಲ್ಲವಳು ಈಗಿಲ್ಲ.

ಕಸೂತಿಗೆ ಇಂದು ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಇದು ಸಂತೋಷದ ಸಂಗತಿ. ಆದರೆ ಸರಕಾರವು ಹೆಸರನ್ನು ಕಾಯಬಲ್ಲದು; ಕೈಯ ಅಭ್ಯಾಸವನ್ನು ಮನೆಯವರೂ ಶಾಲೆಯವರೂ ಕಾಯಬೇಕು. ಇನ್ನೊಂದು ಮಾತು. 1956ರ ನವೆಂಬರ್ 1ರಂದು ನಮ್ಮ ನಾಡು ಒಂದಾಯಿತು. ಆದರೂ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಬರೆಯುವ ಹಸೆ ಚಿತ್ತಾರವನ್ನು ಧಾರವಾಡದ ಎಷ್ಟು ಮಕ್ಕಳು ಬಲ್ಲರು? ಹಳಿಯಾಳ ಯಲ್ಲಾಪುರಗಳ ಸಿದ್ದಿಯರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಯನ್ನು ಮೈಸೂರಿನ ಎಷ್ಟು ಮಕ್ಕಳು ಕಂಡಿರುವರು? ಒಂದೇ ಮನೆಯ ಮಕ್ಕಳು ಒಬ್ಬರ ಕೋಣೆಯನ್ನೊಬ್ಬರು ನೋಡದೆ ಬೆಳೆದಂತಾಯಿತು.

ಆದುದರಿಂದ ತಮ್ಮಲ್ಲಿ ನನ್ನ ಬೇಡಿಕೆಯು ಚಿಕ್ಕದು. ತಿಂಗಳಿಗೆ ಒಂದು ತಾಸನ್ನು ಇದಕ್ಕಾಗಿ ಮೀಸಲಿಡಿರಿ. ಪ್ರತಿಯೊಂದು ಮಗುವು ಮನೆಯವರು ಕೈಯಿಂದ ಮಾಡಿದ ಒಂದು ವಸ್ತುವನ್ನು ತರಲಿ. ತರಲಾಗದಿದ್ದರೆ ನೋಡಿ ಬರೆದುಕೊಂಡು ಬರಲಿ. ಅದರ ಹೆಸರೇನು, ಮಾಡಿದವರಾರು, ಅವರಿಗೆ ಕಲಿಸಿದವರಾರು ಎಂಬದನ್ನು ಒಂದು ವಹಿಯಲ್ಲಿ ಬರೆಯಿಸಿರಿ. ಓಣಿಯ ಮುದುಕಿಯೊಬ್ಬಳನ್ನು ಮರ್ಯಾದೆಯಿಂದ ಶಾಲೆಗೆ ಕರೆತಂದು ಕುರ್ಚಿಯ ಮೇಲೆ ಕುಳ್ಳಿರಿಸಿರಿ. ಮಕ್ಕಳು ಆಕೆಯ ಬಳಿ ಎಳೆ ಎಣಿಸುವದನ್ನು ಕಲಿಯಲಿ. ಇದಕ್ಕೆ ಹಣ ಬೇಡ, ಮೇಲಧಿಕಾರಿಗಳ ಅಪ್ಪಣೆಯೂ ಬೇಡ.

ಈ ಸಂಜೆ ಮನೆಗೆ ಹೋದೊಡನೆ ಹಳೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿರಿ. ಮಾಡಿದ ಕೈ ಇನ್ನೂ ಮನೆಯಲ್ಲಿದ್ದರೆ, ಕೇಳಬೇಕಾದುದನ್ನು ಇಂದೇ ಕೇಳಿರಿ.