ಲೆಕ್ಕದ ಪಾಠ ಎಲ್ಲಿ ಕಷ್ಟ?

(ವಾಚನಾಲಯದಲ್ಲಿ ಮಾಡಿದ ಭಾಷಣ)



ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ, ನಮ್ಮವರು ನಾಲ್ವರು ಕೂಡಿದರೆ ಮಾತು ಮಕ್ಕಳ ಓದಿನತ್ತ ತಿರುಗುತ್ತದೆ. "ಇಲ್ಲಿಯ ಲೆಕ್ಕ ನಮ್ಮೂರಿನದಕ್ಕಿಂತ ಕಷ್ಟ" ಎಂದು ಒಬ್ಬರು. "ಜಪಾನಿನಲ್ಲಿ ಇನ್ನೂ ಕಷ್ಟವಂತೆ" ಎಂದು ಇನ್ನೊಬ್ಬರು. ಪಾಠ ಕಷ್ಟವಾದಷ್ಟೂ ವಿದ್ಯೆ ಹೆಚ್ಚೆಂಬುದು ನಮ್ಮ ನಂಬಿಕೆ. ಅದು ನಿಜವೇ ನೋಡೋಣ.

1999ರ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಏಳು ದೇಶಗಳ ಎಂಟನೆಯ ತರಗತಿಯ ಲೆಕ್ಕದ ಪಾಠಗಳನ್ನು ಚಿತ್ರೀಕರಿಸಿ ಹೋಲಿಸಿದರು. ಜಪಾನಿನಲ್ಲಿ ಒಂದು ಲೆಕ್ಕಕ್ಕೆ ಸರಾಸರಿ 15 ನಿಮಿಷ. ಉಳಿದೆಡೆ ಎರಡರಿಂದ ಐದು ನಿಮಿಷ. ಹಾಗೆಂದು ನಿಧಾನವೊಂದೇ ಗುಟ್ಟಲ್ಲ. ಬೇಗಬೇಗನೆ ಲೆಕ್ಕ ಮಾಡುವ ಹಾಂಗ್‌ಕಾಂಗಿನ ಮಕ್ಕಳೂ ಮುಂದಿದ್ದರು. "ಏಕೆ" ಎಂದು ಯೋಚಿಸಬೇಕಾದ ಲೆಕ್ಕಗಳು ಅಲ್ಲಿ ನೂರಕ್ಕೆ 13, ಅಮೆರಿಕದಲ್ಲಿ 17. ಆದರೆ ಅಮೆರಿಕದ ತರಗತಿಗಳಲ್ಲಿ ಅವೆಲ್ಲ ಬಹುಮಟ್ಟಿಗೆ ಬರಿಯ ಸೂತ್ರದ ಅಭ್ಯಾಸವಾಗಿ ಮುಗಿದವು. ಹಾಂಗ್‌ಕಾಂಗಿನಲ್ಲಿ ಸುಮಾರು ಅರ್ಧದಷ್ಟರಲ್ಲಿ ಆ "ಏಕೆ" ಕೊನೆಯವರೆಗೂ ಉಳಿಯಿತು. ಪುಸ್ತಕದ ಕಷ್ಟಕ್ಕಿಂತ ಪಾಠದ ರೀತಿಯೇ ದೊಡ್ಡದು.

ನಮ್ಮ ದೇಶದ ಪುಸ್ತಕಗಳೇನೂ ಸುಲಭವಲ್ಲ. ಆದರೂ 2024ರ 'ಅಸರ್' ಸಮೀಕ್ಷೆಯಂತೆ, ಹಳ್ಳಿಗಳ ಐದನೆಯ ತರಗತಿಯ ಮಕ್ಕಳಲ್ಲಿ ಸಾಮಾನ್ಯ ಭಾಗಾಕಾರ ಬಂದದ್ದು ನೂರಕ್ಕೆ 31 ಮಂದಿಗೆ ಮಾತ್ರ. ಪುಸ್ತಕ ಮುಂದೆ ಓಡಿತು, ಮಗು ಹಿಂದುಳಿಯಿತು.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕುಂಟು. ಗದಗಿನಿಂದ ಬಂದ ವರ್ಷ ನನ್ನ ಮಗ ಲೆಕ್ಕದಲ್ಲಿ ಹಿಂದೆ ಬಿದ್ದ. ದಡ್ಡನೆಂದು ಬೈದೆ, ಒಮ್ಮೆ ಕೈಯನ್ನೂ ಎತ್ತಿದೆ. ಅವನಿಗೆ ಕಳೆಯುವ ಲೆಕ್ಕ ಬರುತ್ತಿತ್ತು. "ತೀಸಿವೇತ" ಎಂದರೆ ಅದೇ ಎಂದು ತಿಳಿದಿರಲಿಲ್ಲ. "ಕೂಡಿಕ" ಕಿವಿಗೆ ಪರಿಚಿತವೆನಿಸಿತ್ತು, ಇದು ಹೊಸದು. ಆ ಬೈಗುಳಕ್ಕಾಗಿ ಇಂದಿಗೂ ನೊಂದುಕೊಳ್ಳುತ್ತೇನೆ.

ಆದುದರಿಂದ ಬಂಧುಗಳೇ, ಶಾಲೆ ಬದಲಿಸುವ ಮುನ್ನ, ಟ್ಯೂಷನ್ನಿಗೆ ಸಾಲ ಮಾಡುವ ಮುನ್ನ, ಮಗುವಿನ ಬಳಿ ಹತ್ತು ನಿಮಿಷ ಕುಳಿತುಕೊಳ್ಳಿ. 540 ರೂಪಾಯಿ ಕೂಲಿಯನ್ನು ನಾಲ್ವರಿಗೆ ಸಮನಾಗಿ ಹಂಚಲು ಹೇಳಿ. 135 ಎಂದಾಗ, "ಹೇಗೆ ಬಂತು? ಇನ್ನೊಂದು ದಾರಿಯುಂಟೇ?" ಎಂದು ಕೇಳಿ. ಅರ್ಧ 270, ಅದರರ್ಧ 135 ಎಂದು ಮಗು ತಾನೇ ಕಂಡುಕೊಂಡೀತು. ಇದಕ್ಕೆ ನಮ್ಮ ಕನ್ನಡವೇ ಸಾಕು.

ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದ. ನಮಗಿಂತ ಬಹು ಮುಂಚೆ ನಮ್ಮ ಲೆಕ್ಕ ಈ ನಾಡಿಗೆ ಬಂದು ಇಲ್ಲಿಯ ಮಾತು ಕಲಿತಿತ್ತು. ನಮ್ಮ ಮಕ್ಕಳೂ ಕಲಿಯುತ್ತಾರೆ, ಬೈಯದೆ ಕಾಯೋಣ.