ಹೂಳೆತ್ತಿದ ಮೇಲೂ ಬೇಕಾದ ಹಣ



ನದಿ ಪುನಶ್ಚೇತನಕ್ಕೆ ಹಣ ಎಲ್ಲಿಂದ ತರುವುದು ಎಂದು ಕೇಳಲು ಈ ಸಂಕಿರಣದಲ್ಲಿ ಸೇರಿದ್ದೇವೆ. ಆ ಹಣ ಯಾರ ಕೈಯಲ್ಲಿರಬೇಕು, ಎಷ್ಟು ವರ್ಷ ಬರುತ್ತಿರಬೇಕು ಎಂಬುದನ್ನು ಮೊದಲು ಕೇಳೋಣ ಎಂಬುದು ನನ್ನ ಕೋರಿಕೆ.

ರಾಜಸ್ಥಾನದ ಅಲ್ವರ್ ಜಿಲ್ಲೆಯ ಅರ್ವರಿ ನದಿಯನ್ನು ನೋಡಿ. 1980ರ ದಶಕದ ನಡುವಿನಲ್ಲಿ ರಾಜೇಂದ್ರ ಸಿಂಗ್ ಅವರ ತರುಣ್ ಭಾರತ್ ಸಂಘ ಆ ಸೀಮೆಯಲ್ಲಿ ಜೋಹಡ್ ಕಟ್ಟಲು, ಅಂದರೆ ಇಳಿಜಾರಿಗೆ ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸಲು, ಊರವರ ಜೊತೆ ನಿಂತಿತು. ಹೊರಗಿನ ಹಣವೂ ಬಂತು, ನಿಜ. ಆದರೆ ಏರಿ ಎಲ್ಲಿ ಬೇಕೆಂದು ತೀರ್ಮಾನಿಸಿದವರೂ ಶ್ರಮದಾನದಲ್ಲಿ ಮಣ್ಣು ಹೊತ್ತವರೂ ಊರವರೇ. ಅಂತರ್ಜಲ ಮೇಲೆ ಬಂದು, 1995ರ ಹೊತ್ತಿಗೆ ಅರ್ವರಿ ವರ್ಷವಿಡೀ ಹರಿಯತೊಡಗಿತು. ನೀರಿನ ಜೊತೆ ಮೀನೂ ಬಂತು; ಮೀನು ಹಿಡಿಯುವ ಗುತ್ತಿಗೆಯನ್ನು ಸರ್ಕಾರ ಹೊರಗಿನವರಿಗೆ ಕೊಟ್ಟುಬಿಟ್ಟಿತು! ಊರುಗಳು ಒಟ್ಟಾಗಿ ಎದುರು ನಿಂತು ಅದನ್ನು ರದ್ದು ಮಾಡಿಸಿದವು. ಆ ಹೋರಾಟದ ಬೆನ್ನಿಗೆ ಹುಟ್ಟಿದ್ದು ಸುಮಾರು 70 ಹಳ್ಳಿಗಳ ಅರ್ವರಿ ಸಂಸತ್ತು. ಕಬ್ಬಿನಂಥ ಹೆಚ್ಚು ನೀರು ಬೇಡುವ ಬೆಳೆ ಬೇಡವೆಂದು ಅದು ಕಟ್ಟುಪಾಡು ಮಾಡಿತು. ಇಂಥ ಮಾತು ಹೇಳುವ ಬಲ ಬೆವರು ಸುರಿಸಿದವರಿಗೆ ಬರುತ್ತದೆ. ಗುತ್ತಿಗೆದಾರ ಕಟ್ಟಿ ಹೋದ ಚೆಕ್ ಡ್ಯಾಮಿನ ದಡದಲ್ಲಿ, ಪಂಪು ನಿಲ್ಲಿಸು ಎಂದು ಯಾರು ಯಾರಿಗೆ ಹೇಳಬಲ್ಲರು?

ಅಲ್ಲಿ ಒಂದು ನದಿ ಮರಳಲು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ನಮ್ಮ ಹಣದ ನಿಯಮಗಳು ಹಾಗಿಲ್ಲ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ನೀರು, ಮಣ್ಣಿನ ರಕ್ಷಣೆ ಅದರಲ್ಲಿ ಸೇರಿದೆ. ಆದರೆ ಬಹುವರ್ಷದ ಯೋಜನೆಗೂ, ಆರಂಭದ ವರ್ಷ ಬಿಟ್ಟರೆ, ಮೂರು ವರ್ಷದ ಮಿತಿ. 2021ರ ತಿದ್ದುಪಡಿಯ ನಂತರ ಯಾವ ಸಂಸ್ಥೆಯ ಮೂಲನಿಧಿಗೂ, ಅಂದರೆ ಅಸಲು ಉಳಿಸಿ ಆದಾಯ ಮಾತ್ರ ಬಳಸುವ ಇಡುಗಂಟಿಗೂ, ಈ ಹಣ ಕೊಡುವಂತಿಲ್ಲ. ದುರುಪಯೋಗದ ಭಯ ಅರ್ಥವಾಗುತ್ತದೆ, ಆದರೂ ಹೂಳೆತ್ತಿದ ನಾಲ್ಕನೇ ವರ್ಷ ತೂಬು ಕೆಟ್ಟರೆ ಊರು ಯಾರ ಬಾಗಿಲು ತಟ್ಟಬೇಕು?

ನಮ್ಮ ಹಿರಿಯರು ಇದಕ್ಕೆ ದಾರಿ ಕಂಡುಕೊಂಡಿದ್ದರು. ಕೋಲಾರದ ಕಡೆ ಪಾಲಾರ್ ನದಿಯೆಂದರೆ ಒಂದರ ಕೋಡಿ ಇನ್ನೊಂದಕ್ಕೆ ಇಳಿಯುವ ಕೆರೆಗಳ ಸಾಲು. ಕೆರೆಯ ಪಾಲನೆಗೆಂದು ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ದತ್ತಿಗಳಾಗಿ ಭೂಮಿ ಬಿಟ್ಟುಕೊಟ್ಟದ್ದನ್ನು ಕನ್ನಡ ನಾಡಿನ ಶಾಸನಗಳು ಹೇಳುತ್ತವೆ. ಏರಿ ಭದ್ರಪಡಿಸಲು ಬೇಕಾದ ಆದಾಯ ಊರಿನಲ್ಲೇ, ವರ್ಷ ವರ್ಷವೂ ಹುಟ್ಟುತ್ತಿತ್ತು.

ಅಂಥ ಮೂಲನಿಧಿ ಇಂದಿನ ಕಾನೂನಿನಲ್ಲಿ ಹೇಗೆ ಸಾಧ್ಯ ಎಂಬುದನ್ನು ಈ ಸಂಕಿರಣ ಬಿಡಿಸಬೇಕು. ಲೆಕ್ಕ ಗ್ರಾಮಸಭೆಯ ಮುಂದೆ ತೆರೆದಿರಲಿ. ಖರ್ಚಿನ ತೀರ್ಮಾನ ಕೆರೆ ಸಂಘದ್ದಾಗಲಿ, ಅದರಲ್ಲಿ ಜಮೀನಿಲ್ಲದವರಿಗೂ ಮೀನುಗಾರರಿಗೂ ಕುರ್ಚಿ ಇರಲಿ. ಕಾನೂನು ಬಲ್ಲವರು, ಅರ್ಥಶಾಸ್ತ್ರಜ್ಞರು ಇಲ್ಲಿದ್ದೀರಿ. ಹೊರಡುವ ಮುನ್ನ ಸರ್ಕಾರದ ಮುಂದಿಡಬಹುದಾದ ಒಂದು ಕರಡನ್ನು ದಯವಿಟ್ಟು ಸಿದ್ಧಪಡಿಸಿ.