ಉಳುಕು ತೆಗೆಯುವ ಕೈಗೆ ಪರವಾನಗಿ
(ಕುಂಸಿಯ ಸಭೆಯಲ್ಲಿ ಮಾಡಿದ ಭಾಷಣ)



ಮ್ಯಾಂಗನೀಸ್ ಗಣಿಯ ಕಾಲದಿಂದಲೂ ಈ ಕುಂಸಿ ಸೀಮೆಯ ಬೆನ್ನು ಹೊರೆ ಹೊತ್ತದ್ದು. ಗಿರಣಿಯ ಪಾಳಿ ಮುಗಿಸಿದವನು, ಮಂಡಿಯಲ್ಲಿ ಮೂಟೆ ಇಳಿಸಿದವನು, ಸೊಂಟ ಹಿಡಿದುಕೊಂಡರೆ ಮೊದಲು ಹೋಗುವುದು ಎಣ್ಣೆ ಹಚ್ಚಿ ಉಜ್ಜುವವರ ಬಳಿಗೆ. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು.

ಆ ಕೈಗಳ ಮೇಲೆ ನನಗೆ ಗೌರವವಿದೆ. ಆದರೆ ಮುರಿದ ಮೂಳೆಯನ್ನು ಉಳುಕೆಂದು ಎಳೆದು ದಬ್ಬೆ ಬಿಗಿದರೆ, ರಕ್ತ ನಿಂತು ಕಾಲೇ ಕೊಳೆತೀತು. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿ ಊದಿರುವಾಗ ಉಜ್ಜಿದರೆ, ಹೆಪ್ಪು ಕದಲಿ ಶ್ವಾಸಕೋಶಕ್ಕೆ ಹೋಗಿ ಪ್ರಾಣವನ್ನೇ ತೆಗೆದೀತು. ಹೀಗೆ ಕಾಲು ಕಳೆದುಕೊಳ್ಳುವವನು ಸಾಹುಕಾರನಲ್ಲ, ನೆನಪಿಡಿ.

ಸರ್ಕಾರ 2007ರ ಕಾಯಿದೆಯಿಂದ ಖಾಸಗಿ ಚಿಕಿತ್ಸಾಲಯಗಳಿಗೆ ನೋಂದಣಿ ಕಡ್ಡಾಯ ಮಾಡಿತು. ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ, 2018ರಲ್ಲಿ, ಮಾನ್ಯ ವಿದ್ಯಾರ್ಹತೆಯಿಲ್ಲದವರು ವೈದ್ಯವೃತ್ತಿ ಮಾಡಕೂಡದೆಂದು ಸುಪ್ರೀಂ ಕೋರ್ಟು ಹೇಳಿತು. ಸರಿ. ಅಪ್ಪನಿಂದ ಕಸುಬು ಕಲಿತವನಿಗೆ ದಾರಿ ಯಾವುದು? ಪೇಟೆಯ ಗಾಜಿನ ಬಾಗಿಲ ಸ್ಪಾಕ್ಕೆ ಟ್ರೇಡ್ ಲೈಸೆನ್ಸು ಉಂಟು. ಅಂಗಡಿಯವರಾದ ನಿಮಗೆ ಗೊತ್ತು, ಅದು ಮಳಿಗೆಗೆ ಕೊಟ್ಟದ್ದು, ಒಳಗೆ ಉಜ್ಜುವ ಕೈಗಲ್ಲ.

ಆದ್ದರಿಂದ ನಾವು ಕೇಳುವುದಿಷ್ಟು. ತಾಲ್ಲೂಕು ಆಸ್ಪತ್ರೆಯಲ್ಲೇ, ಕನ್ನಡದಲ್ಲೇ, ಬಾಯಿಮಾತಿನಿಂದ, ಕೈಕೆಲಸದಿಂದ ಪರೀಕ್ಷೆ ನಡೆಯಲಿ. ಯಾವುದನ್ನು ಮುಟ್ಟಬಾರದೆಂದು ಬಲ್ಲವನಿಗೆ ಮಾಲೀಶಿನ ಪರವಾನಗಿ ಕೊಡಲಿ. ಶುಲ್ಕ ಒಂದು ದಿನದ ಕೂಲಿಯನ್ನು ಮೀರಬಾರದು. ಮೂಳೆ ಮುರಿದ ಅನುಮಾನವಿದ್ದೂ ಎಕ್ಸರೇಗೆ ಕಳಿಸದವನ ಪರವಾನಗಿ ರದ್ದಾಗಲಿ. ಮನವಿಪತ್ರ ಇಲ್ಲೇ ಮೇಜಿನ ಮೇಲಿದೆ, ಸಹಿ ಹಾಕಿ ಹೋಗಿ.